ತೇನ್‌ಸಿಂಗ್ ಹತ್ತಿದ್ದು ಎವರೆಸ್ಟ್ ಒಂದನ್ನೇ ಅಲ್ಲ

ಇಂಜಿನಿಯರಿಂಗ್ ಓದಿದ ನನಗೆ ಎವರೆಸ್ಟ್ ಅಂದ್ರೆ ಬಹುಕಾಲ ಬರೀ ಒಂದು ಅಂಕಿಯಾಗಿತ್ತು: 8,848 ಮೀಟರ್. ತೇನ್‌ಸಿಂಗ್ ನಾರ್ಗೆಯ ಬದುಕು ಓದಿದ ಮೇಲೆ ಮೊದಲು ನೆನಪಾಗೋದು ಒಂದು ಗ್ಯಾರೇಜು.

1953ರ ಮಾರ್ಚ್‌ನಲ್ಲಿ ಬ್ರಿಟಿಷ್ ತಂಡ ಕಠ್ಮಂಡುವಿಗೆ ಬಂದಿಳಿಯಿತು. ಸಾಹೇಬರಿಗೆ ರಾಯಭಾರ ಕಚೇರಿಯ ಕೋಣೆಗಳು, ಶೆರ್ಪಾಗಳಿಗೆ ಗ್ಯಾರೇಜಿನ ನೆಲ. ಶೌಚಾಲಯವೂ ಇರಲಿಲ್ಲ. ಬೆಳಗ್ಗೆ ಶೆರ್ಪಾಗಳು ಗ್ಯಾರೇಜಿನ ಮುಂದಿನ ರಸ್ತೆಯಲ್ಲೇ ಮೂತ್ರ ಮಾಡಿ ಪ್ರತಿಭಟಿಸಿದರು. ಅವರ ಸರ್ದಾರ ತೇನ್‌ಸಿಂಗ್ ಆರೋಹಿಗಳ ತಂಡದ ಸದಸ್ಯನೂ ಹೌದು. ಎರಡೂ ಕಡೆಯ ಸಿಟ್ಟಿನ ನಡುವೆ ನಿಲ್ಲಬೇಕಾದವನು ಅವನೇ.

1914ರಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿ ಯಾಕ್ ಕಾಯುತ್ತಿದ್ದ. ಶಾಲೆಯ ಮುಖ ಕಂಡಿರಲಿಲ್ಲ. ಕೆಲಸ ಹುಡುಕಿ ಡಾರ್ಜಿಲಿಂಗ್‌ಗೆ ಬಂದ. 1935ರಲ್ಲಿ ಹೊರೆ ಹೊರುವವನಾಗಿ ಮೊದಲ ಸಲ ಎವರೆಸ್ಟ್‌ಗೆ ಹೋದ. 1952ರಲ್ಲಿ ಸ್ವಿಸ್ ಆರೋಹಿ ರೇಮಂಡ್ ಲ್ಯಾಂಬರ್ಟ್ ಅವನನ್ನು ಸಮಾನನಾಗಿ ಕಂಡ. ಇಬ್ಬರೂ ಸುಮಾರು 8,600 ಮೀಟರ್ ತನಕ ಏರಿ ವಾಪಸಾದರು. ಅದೇ ವರ್ಷ ಚಳಿಗಾಲದ ಹೊಸ್ತಿಲಲ್ಲಿ ಮತ್ತೆ ಹೋದಾಗ ಗಾಳಿ, ಚಳಿ ಸೋಲಿಸಿದವು.

1953ರದ್ದು ಏಳನೇ ಯತ್ನ. ಮೇ 27ರಂದು ಬಿರುಗಾಳಿ ಇಡೀ ದಿನ ಸೌತ್ ಕೋಲ್‌ನ ಡೇರೆಯಲ್ಲೇ ಕೂರಿಸಿತು. ಮರುದಿನ ಸ್ವಲ್ಪ ಮೇಲೇರಿ, ಸುಮಾರು 8,500 ಮೀಟರ್ ಎತ್ತರದಲ್ಲಿ ರಾತ್ರಿ ಕಳೆದರು. 29ರ ನಸುಕು 4ಕ್ಕೆ ಎದ್ದರೆ ಹಿಲರಿಯ ಬೂಟು ಕಲ್ಲಾಗಿತ್ತು. ಅದನ್ನು ಒಲೆಯ ಮೇಲೆ ಕಾಯಿಸಿ, 6.30ಕ್ಕೆ ಹೊರಟು, 11.30ಕ್ಕೆ ತುದಿ ಮುಟ್ಟಿದರು.

ಕೆಳಗಿಳಿದಾಗ ಇನ್ನೊಂದು ಬಿರುಗಾಳಿ ಕಾದಿತ್ತು. ಹಿಲರಿಗೆ, ತಂಡದ ನಾಯಕ ಹಂಟ್‌ಗೆ ನೈಟ್ ಪದವಿ. ತೇನ್‌ಸಿಂಗ್‌ಗೆ ಜಾರ್ಜ್ ಪದಕ. ನೇಪಾಳ, ಭಾರತ ಎರಡೂ ಅವನು ನಮ್ಮವನು ಅಂತ ಎಳೆದಾಡಿದವು. ಮೊದಲು ಕಾಲಿಟ್ಟವನು ತಾನೇ ಅಂತ ಹೇಳಲು ಕಠ್ಮಂಡುವಿನಲ್ಲಿ ಒತ್ತಡ ಬಿತ್ತು. ಒಂದು ಸುಳ್ಳಿಗೆ ಒಪ್ಪಿದ್ದರೆ ಇಡೀ ಜನಸಮೂಹ ಹೆಗಲ ಮೇಲೆ ಹೊತ್ತು ಮೆರೆಸುತ್ತಿತ್ತು. ಅವನು ಒಪ್ಪಲಿಲ್ಲ. 1955ರ ಆತ್ಮಕಥೆಯಲ್ಲಿ ಹಿಲರಿಯೇ ಒಂದೆರಡು ಹೆಜ್ಜೆ ಮುಂದಿದ್ದ ಎಂದು ನೇರವಾಗಿ ಹೇಳಿಬಿಟ್ಟ. ತನ್ನವರ ಘನತೆಗೆ ಸುಳ್ಳಿನ ಊರುಗೋಲು ಬೇಕಿಲ್ಲ ಅನ್ನೋ ನಿಲುವು ನನಗೆ ಇದರಲ್ಲಿ ಕಾಣುತ್ತದೆ.

ಮುಂದೆ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲಿ ಯುವಕರಿಗೆ ಕಲಿಸಿದ. 1986ರಲ್ಲಿ ತೀರಿಕೊಂಡ.

2014ರ ಏಪ್ರಿಲ್‌ನಲ್ಲಿ ಖುಂಬು ಹಿಮಪಾತ 16 ನೇಪಾಳಿ ಕೆಲಸಗಾರರನ್ನು ಕೊಂದಿತು. ಸರ್ಕಾರ ಮೊದಲು ಘೋಷಿಸಿದ ಪರಿಹಾರ 40 ಸಾವಿರ ನೇಪಾಳಿ ರೂಪಾಯಿ. ಶೆರ್ಪಾಗಳು ಹತ್ತೋದಿಲ್ಲ ಅಂತ ಕೂತರು, ಆ ಕಡೆಯ ಆರೋಹಣವೇ ಬಹುತೇಕ ನಿಂತುಹೋಯಿತು. ಗ್ಯಾರೇಜಿನ ಮುಂದೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ.