ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಮೈಸೂರು ಸಂಸ್ಥಾನದ ಪ್ರಥಮ ಕೃಷಿ ನಿರ್ದೇಶಕರು

ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿ, ಹೊನ್ನಾಳಿ, ನ್ಯಾಮತಿ ಹಾಗೂ ಚನ್ನಗಿರಿ ಭಾಗಗಳಲ್ಲಿ ಅಡಿಕೆಯು ಪ್ರಮುಖ ತೋಟಗಾರಿಕೆ ಬೆಳೆಯಾಗಿರುತ್ತದೆ. ಮುಂಗಾರಿನಲ್ಲಿ ಎಡೆಬಿಡದೆ ಮಳೆ ಸುರಿದಾಗ ಕಾಣಿಸಿಕೊಳ್ಳುವ ಕೊಳೆರೋಗವು ಅಡಿಕೆ ಬೆಳೆಗಾರರ ವರ್ಷದ ಆದಾಯವನ್ನೇ ಕಸಿದುಕೊಳ್ಳಬಲ್ಲದು. ಈ ರೋಗದ ಕಾರಣವನ್ನು ವೈಜ್ಞಾನಿಕವಾಗಿ ಗುರುತಿಸಿ, ಕಡಿಮೆ ವೆಚ್ಚದ ಪರಿಹಾರವನ್ನು ರೈತರಿಗೆ ತಲುಪಿಸಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್‌ರವರು.

ಇವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಶಿಲೀಂಧ್ರ ಹಾಗೂ ಕೀಟಶಾಸ್ತ್ರ ತಜ್ಞರಾಗಿ ನೇಮಕಗೊಂಡರು. 1913ರಲ್ಲಿ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾದರು.

ಆ ಕಾಲದಲ್ಲಿ ಮಲೆನಾಡಿನ ಬೆಳೆಗಾರರು ಮಳೆ ನೀರು ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಇದು ಹೆಚ್ಚು ಶ್ರಮ ಹಾಗೂ ಖರ್ಚಿನ ಕೆಲಸವಾಗಿತ್ತು. ಕೋಲ್ಮನ್‌ರವರು ಕೈಗೊಂಡ ಸಂಶೋಧನೆಯ ಫಲಿತಾಂಶವು 1910ರಲ್ಲಿ ಪ್ರಕಟವಾಯಿತು. ಫೈಟೋಫ್ತೋರ ಎಂಬ ಸೂಕ್ಷ್ಮಜೀವಿಯೇ ಕೊಳೆರೋಗಕ್ಕೆ ಕಾರಣವೆಂದು ಅದರಲ್ಲಿ ತಿಳಿಸಲಾಯಿತು. ಇದನ್ನು ಹಿಂದೆ ಶಿಲೀಂಧ್ರವೆಂದೇ ಪರಿಗಣಿಸಲಾಗುತ್ತಿತ್ತು. ಇಂದಿನ ವರ್ಗೀಕರಣದಂತೆ ಇದು ಕಂದು ಪಾಚಿಗಳಿಗೆ ಹತ್ತಿರದ ಸಂಬಂಧಿಯಾಗಿದೆ. ಪಾಚಿಯು ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಫೈಟೋಫ್ತೋರಕ್ಕೆ ಆ ಶಕ್ತಿಯಿಲ್ಲದ ಕಾರಣ ಇತರ ಸಸ್ಯಗಳನ್ನು ಅವಲಂಬಿಸುತ್ತದೆ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವಾದ್ದರಿಂದ ಮಳೆಯಲ್ಲಿ ರೋಗವು ಶೀಘ್ರವಾಗಿ ಹರಡುತ್ತದೆ.

ಕಾಯಿಗೆ ರೋಗ ತಗುಲಿದ ನಂತರ ಅದನ್ನು ಉಳಿಸುವುದು ಸಾಧ್ಯವಿಲ್ಲ. ಮಳೆಗೆ ಮೊದಲೇ ರಕ್ಷಣೆ ಒದಗಿಸಬೇಕು. ಆದ್ದರಿಂದ ಕೋಲ್ಮನ್‌ರವರು ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ ಹಾಗೂ 1 ಕೆ.ಜಿ. ಸುಣ್ಣವನ್ನು ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ, ಒಟ್ಟು 100 ಲೀಟರ್ ಆಗುವಂತೆ ಬೆರೆಸಲಾಗುತ್ತದೆ. ಮುಂಗಾರು ಆರಂಭಕ್ಕೆ ಮುನ್ನ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸುವ ಪದ್ಧತಿಯು ಇಂದಿಗೂ ಶಿಫಾರಸಿನಲ್ಲಿದೆ.

ಶ್ರೀಗಂಧದ ಮರಗಳನ್ನು ನಾಶಪಡಿಸುತ್ತಿದ್ದ ಸ್ಪೈಕ್ ರೋಗದ ಬಗ್ಗೆಯೂ ಇವರು ಅಧ್ಯಯನ ನಡೆಸಿದರು. ಈ ರೋಗ ತಗುಲಿದ ಮರದ ಎಲೆಗಳು ಕಿರಿದಾಗಿ, ತಯಾರಾದ ಪಿಷ್ಟವು ಎಲೆಗಳಲ್ಲಿಯೇ ಶೇಖರವಾಗುತ್ತದೆ. ಕಸಿಯ ಮೂಲಕ ರೋಗವು ಹರಡುತ್ತದೆಂಬುದನ್ನು ಕೋಲ್ಮನ್‌ರವರು 1917ರಲ್ಲಿ ಪ್ರಕಟಿಸಿದರು. ರೋಗಕಾರಕ ಜೀವಿಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗೋಚರಿಸಿದ್ದು 1969ರಲ್ಲಿ.

ಹೆಬ್ಬಾಳದ ಕೃಷಿ ಶಾಲೆ (1913) ಹಾಗೂ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ (1925) ಇವರ ಶ್ರಮದ ಫಲವಾಗಿವೆ. ಹೆಬ್ಬಾಳದ ಶಾಲೆಯೇ ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಮೂಲವಾಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಗೊಳ್ಳುವಲ್ಲಿಯೂ ಇವರು ಪಾತ್ರ ವಹಿಸಿದರು. 1934ರಲ್ಲಿ ಸಂಸ್ಥಾನದ ಸೇವೆಯಿಂದ ನಿರ್ಗಮಿಸಿದ ಇವರು 1954ರಲ್ಲಿ ನಿಧನ ಹೊಂದಿದರು.

ಕೋಲ್ಮನ್‌ರವರ ಕಾಲದಲ್ಲಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿಯು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ತೋಟದ ಆತಂಕ ಬದಲಾಗಿಲ್ಲ. ಸಸ್ಯ ಸಂರಕ್ಷಣೆಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಬೆಳೆಗಾರರು ರೋಗ ಕಾಣಿಸಿಕೊಳ್ಳುವವರೆಗೆ ಕಾಯದೆ, ಮಳೆಗಾಲಕ್ಕೆ ಮುಂಚಿತವಾಗಿಯೇ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.