ಹಂಪೆಯ ರಾಘವಾಂಕ ಕವಿ

ಕಮಲಾಪುರದಿಂದ ಎರಡು ಮೂರು ಮೈಲಿ ನಡೆದರೆ ಹಂಪೆಯು ಸಿಗುವದು. ಅಲ್ಲಿಯ ಪಾಳುಗೋಡೆಗಳನ್ನು ನೋಡುವವರು 1336ರಲ್ಲಿ ಸ್ಥಾಪಿತವಾದ ವಿಜಯನಗರದ ಅರಸರನ್ನು ನೆನೆಯುವರು. ಆದರೆ ಆ ಅರಸರಿಗೂ ನೂರು ವರ್ಷಗಳಷ್ಟು ಮುಂಚೆ, ಅದೇ ತುಂಗಭದ್ರೆಯ ದಡದಲ್ಲಿ ರಾಘವಾಂಕನೆಂಬ ಕವಿಯು ಬಾಳಿದನು. ಅವನು ನಮ್ಮ ಮತದವನಲ್ಲ, ಶಿವಭಕ್ತನು. ಆದರೂ ಮಗುವನ್ನು ಮಣ್ಣಿಗೆ ಕೊಟ್ಟ ಪ್ರತಿಯೊಂದು ಮನೆಗೂ ಅವನ ಕಾವ್ಯವು ಮುಟ್ಟುವಂಥದಾದ್ದರಿಂದ ಅವನ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ರಾಘವಾಂಕನು ಕ್ರಿ. ಶ. 1200ರ ಸುಮಾರಿನವನು. ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರಗಳೆಗಳನ್ನು ರಚಿಸಿ ಪ್ರಸಿದ್ಧನಾದ ಹರಿಹರ ಕವಿಯು ಇವನಿಗೆ ಸೋದರಮಾವನೂ ಗುರುವೂ ಆಗಿದ್ದನು. ಷಟ್ಪದಿಯೆಂಬ ಆರು ಸಾಲಿನ ಪದ್ಯದಲ್ಲಿ ದೊಡ್ಡ ಕಾವ್ಯಗಳನ್ನು ಹೇಳುವ ದಾರಿಯನ್ನು ಕನ್ನಡದಲ್ಲಿ ಹಾಕಿಕೊಟ್ಟವರಲ್ಲಿ ಇವನೇ ಮೊದಲಿಗನೆಂದು ಎಣಿಸಲ್ಪಟ್ಟಿದ್ದಾನೆ. ಸಿದ್ಧರಾಮ ಚಾರಿತ್ರ, ಸೋಮನಾಥ ಚಾರಿತ್ರ ಮೊದಲಾದವು ಇವನ ಕೃತಿಗಳು. ಎಲ್ಲಕ್ಕಿಂತಲೂ ಜನರ ಬಾಯಲ್ಲಿ ಉಳಿದದ್ದು ಹರಿಶ್ಚಂದ್ರ ಕಾವ್ಯವು.

ಈ ಕಾವ್ಯದ ವಿಷಯವಾಗಿ ಪರಂಪರೆಯ ಕಥೆಯೊಂದುಂಟು. ಶಿವನನ್ನೂ ಶಿವಶರಣರನ್ನೂ ಹೊರತು ಸಾಯುವ ಮನುಷ್ಯರನ್ನು ಹಾಡಬಾರದೆಂಬದು ಹರಿಹರನ ನೇಮವು. ಅಳಿಯನು ಒಬ್ಬ ಅರಸನ ಕಥೆಯನ್ನು ಬರೆದನೆಂದು ಕೋಪಗೊಂಡು ಅವನು ಹಾವುಗೆಯಿಂದ ಹೊಡೆಯಲು ರಾಘವಾಂಕನ ಹಲ್ಲುಗಳು ಉದುರಿದವಂತೆ. ಶರಣರ ಚರಿತ್ರೆಗಳನ್ನು ಬರೆದ ಮೇಲೆ ಅವು ತಿರಿಗಿ ಬಂದವಂತೆ. ಇದು ನಡೆದ ಸಂಗತಿಯೋ ಕಟ್ಟುಕಥೆಯೋ, ಮನುಷ್ಯರ ಕಣ್ಣೀರನ್ನು ಹಾಡುವದು ಭಕ್ತಿಗೆ ಕುಂದೋ ಎಂಬ ಪ್ರಶ್ನೆಯು ಇದರಲ್ಲಿ ಅಡಗಿದೆ. ಆ ಪ್ರಶ್ನೆಯು ನಮ್ಮ ಸಭೆಗಳಲ್ಲಿಯೂ ಇದೆ.

ಕಾವ್ಯದ ಕಥೆಯನ್ನು ಬಲ್ಲವರು ಬಹುಮಂದಿ. ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟ ಹರಿಶ್ಚಂದ್ರನು ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿಮಕ್ಕಳನ್ನು ಮಾರಿ, ತಾನು ಸುಡುಗಾಡಿನ ಒಡೆಯನಾದ ವೀರಬಾಹುವಿಗೆ ಆಳಾದನು. ಮಗನಾದ ಲೋಹಿತಾಶ್ವನು ಕಾಡಿನಲ್ಲಿ ಹಾವು ಕಚ್ಚಿ ಸತ್ತನು. ತಾಯಿಯಾದ ಚಂದ್ರಮತಿಯು ಕತ್ತಲಲ್ಲಿ ಒಬ್ಬಳೇ ಹೋಗಿ ಹುಡುಕಿ, ಹೆಣವನ್ನು ಹೊತ್ತು ಸುಡುಗಾಡಿಗೆ ಬಂದಳು. ಕಾವಲಿನಲ್ಲಿದ್ದ ಗಂಡನು ಆಕೆಯನ್ನರಿಯದೆ ತೆರಿಗೆಯನ್ನು ಕೇಳಿದನು. ಗುರುತು ಹತ್ತಿದ ಮೇಲೂ ಒಡೆಯನ ಪಾಲನ್ನು ಬಿಡಲಿಲ್ಲ.

ಇಲ್ಲಿ ಕವಿಯು ಅವಸರ ಮಾಡುವದಿಲ್ಲ. ಕೊನೆಯಲ್ಲಿ ಶಿವನು ಬಂದು ಮಗನನ್ನು ಎಬ್ಬಿಸುವನೆಂದು ತಿಳಿದಿದ್ದರೂ, ಅದಕ್ಕೆ ಮೊದಲು ತಾಯಿಗೆ ಅಳಲು ಬೇಕಾದಷ್ಟು ಪದ್ಯಗಳನ್ನು ಕೊಡುತ್ತಾನೆ. ಆದಕಾರಣವೇ ಚಂದ್ರಮತಿಯ ಪ್ರಲಾಪವನ್ನು ಗಮಕಿಗಳು ಓದುವಾಗ ಕೇಳುವವರು ತಮ್ಮ ತಮ್ಮ ಸತ್ತವರಿಗಾಗಿ ಅಳುವರು. ಕಥೆಯು ರಂಗಕ್ಕೂ ಏರಿತು. 1869ರಲ್ಲಿ ಹುಟ್ಟಿದ ಗಾಂಧಿಯವರು ಬಾಲ್ಯದಲ್ಲಿ ಗುಜರಾತಿನಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಪದೇಪದೇ ಅತ್ತದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1943ರಲ್ಲಿಯೂ 1965ರಲ್ಲಿಯೂ ಕನ್ನಡದಲ್ಲಿ ಇದೇ ಕಥೆಯ ಚಲನಚಿತ್ರಗಳು ಬಂದವು. ಮನೆಯಲ್ಲಿ ಬಾಯಿ ಕಟ್ಟಿದ ದುಃಖವು ಆಟದ ಮುಂದೆ ಕುಳಿತಾಗ ಹರಿದುಹೋಗುವದುಂಟು.

ನಮ್ಮಲ್ಲಿ ಕೆಲವರು ಸಮಾಧಿಯ ಬಳಿಯಲ್ಲಿ ಅಳುವ ತಾಯಿಯನ್ನು ಅವಿಶ್ವಾಸಿಯೆಂದು ಗದರಿಸುವರು. ನಾಯಿನೆಂಬ ಊರಿನ ವಿಧವೆಗೆ ಕರ್ತನು ಅಳಬೇಡವೆಂದನಲ್ಲಾ ಎಂದು ವಾದಿಸುವರು. ಹೌದು, ಅಂದನು, ಆದರೆ ಮೊದಲು ಆಕೆಯನ್ನು ಕಂಡು ಕನಿಕರಪಟ್ಟನು, ಮರುಗಳಿಗೆಯಲ್ಲಿ ಚಟ್ಟವನ್ನು ಮುಟ್ಟಿ ಮಗನನ್ನು ಎಬ್ಬಿಸಿ ಆಕೆಗೆ ಕೊಟ್ಟನು. ಮಗನನ್ನು ತಿರಿಗಿ ಕೊಡಲಾರದ ನಮಗೆ ಆ ಮಾತನ್ನು ಆಡುವ ಅಧಿಕಾರವೆಲ್ಲಿಯದು? ಲಾಜರನನ್ನು ತಾನೇ ಎಬ್ಬಿಸುವೆನೆಂದು ಬಲ್ಲವನು ಅವನ ಅಕ್ಕತಂಗಿಯರ ಸಂಗಡ ಕಣ್ಣೀರಿಟ್ಟನು. ದಾವೀದನು ಸೌಲ ಯೋನಾತಾನರಿಗಾಗಿ ಶೋಕಗೀತವನ್ನು ಕಟ್ಟಿದ್ದಲ್ಲದೆ ಅದನ್ನು ಯೆಹೂದ್ಯರಿಗೆ ಕಲಿಸಬೇಕೆಂದು ಅಪ್ಪಣೆಮಾಡಿದನು.

ಮತ್ತೊಂದು ಮಾತು. ಹೆಣಗಳಿಗೆ ಕುಣಿ ತೋಡಿ, ಸುಡುಗಾಡನ್ನು ಕಾದು ಬಾಳಿದವರು ನಮ್ಮ ಹಿರಿಯರಲ್ಲಿ ಅನೇಕರಿದ್ದರು. ಅದಕ್ಕಾಗಿ ಊರು ಅವರನ್ನು ದೂರವಿಟ್ಟಿತು. ಈ ಕಾವ್ಯದಲ್ಲಿಯೂ ಆ ಸ್ಥಳವು ಅರಸನಿಗೆ ಬಂದ ಹೀನಸ್ಥಿತಿಯೆಂದೇ ಹೇಳಲ್ಪಟ್ಟಿದೆ. ಅದನ್ನು ನಾವು ಒಪ್ಪಲಾರೆವು. ಆದರೂ ಸತ್ಯವು ಕೊನೆಯ ಪರೀಕ್ಷೆಯಲ್ಲಿ ನಿಂತದ್ದು ಅರಮನೆಯಲ್ಲಲ್ಲ, ನಮ್ಮ ಹಿರಿಯರು ನಿಂತ ಆ ನೆಲದಲ್ಲಿಯೇ.

ಹರಿಶ್ಚಂದ್ರನ ಮಗನು ಅದೇ ರಾತ್ರಿಯಲ್ಲಿ ಎದ್ದನು. ನಮ್ಮ ಮಕ್ಕಳು ಏಳುವ ದಿನವನ್ನು ತಂದೆಯೊಬ್ಬನೇ ಬಲ್ಲನು. ಆ ದಿನದ ವರೆಗೆ, ದುಃಖದ ಮನೆಗೆ ಹೋಗುವವರು ಬುದ್ಧಿವಾದವನ್ನು ಹೊರಗಿಟ್ಟು, ಚಾಪೆಯ ಮೇಲೆ ಕುಳಿತು, ತಾಯಿಯು ಹೇಳುವಷ್ಟನ್ನೂ ಕೇಳಲಿ. ಬಳಿಕ ಬೇಕಾದರೆ ಮೆಲ್ಲಗೆ ಒಂದು ಕೀರ್ತನೆಯನ್ನು ಹಾಡಲಿ.