ನಿಂಬಾಳದ ಗುರುದೇವ ರಾನಡೆ

ವಿಜಯಪುರ ಜಿಲ್ಲೆಯ ಹೆಸರನ್ನೆತ್ತಿದೊಡನೆ ನಮ್ಮ ಸಾಹಿತ್ಯಪ್ರಿಯರ ಮನಸ್ಸು ಬಸವನ ಬಾಗೇವಾಡಿಯತ್ತ ಹರಿಯುವುದು ಸಹಜ. ಬಸವಣ್ಣನವರನ್ನು ಹಡೆದ ನೆಲಕ್ಕೆ ಆ ಅಗ್ರಸ್ಥಾನ ತಕ್ಕದ್ದೇ. ಆದರೆ ಅದೇ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭೀಮೆಯ ಈಚೆಗಿನ ಎರೆನೆಲದ ಇಂಡಿ ತಾಲ್ಲೂಕಿನಲ್ಲಿ, ನಿಂಬಾಳವೆಂಬ ಇನ್ನೊಂದು ಹಳ್ಳಿಯಿದೆ. ಸೊಲ್ಲಾಪುರದಿಂದ ಗದಗಿಗೆ ಹೋಗುವ ರೈಲುದಾರಿಯ ಒಂದು ಸಣ್ಣ ನಿಲ್ದಾಣ ಅದು. ಪ್ಲೇಟೋ, ಉಪನಿಷತ್ತು, ತುಕಾರಾಮ, ಪುರಂದರದಾಸ, ಈ ಎಲ್ಲರೂ ಒಂದೇ ಅಂಗಳದಲ್ಲಿ ಕೂಡಿ ಕುಳಿತಂತೆ ಬಾಳಿದ ಒಬ್ಬ ವಿದ್ವಾಂಸರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಅಲ್ಲಿಯೇ. ಅವರೇ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಸಾಧಕರ ಬಾಯಲ್ಲಿ ಗುರುದೇವ ರಾನಡೆ.

ನನಗೆ ರಾನಡೆಯವರ ಪರಿಚಯವಾದದ್ದು ವಿದ್ಯಾರ್ಥಿದೆಸೆಯಲ್ಲಿ, ಪುಸ್ತಕದ ಮೂಲಕ. 1926ರಲ್ಲಿ ಪ್ರಕಟವಾದ ಅವರ ಉಪನಿಷತ್ ಸಮೀಕ್ಷೆಯನ್ನು ಓದುತ್ತ, ಇದನ್ನು ಬರೆದವರು ಯಾವುದೋ ಮಹಾನಗರದ ಗ್ರಂಥಾಲಯದಲ್ಲಿ ಕುಳಿತ ಪಂಡಿತರೆಂದೇ ಭಾವಿಸಿದ್ದೆ. ಅವರ ಬೇರುಗಳು ನಮ್ಮ ಜಮಖಂಡಿಯಲ್ಲಿವೆ, ಸಮಾಧಿ ನಿಂಬಾಳದಲ್ಲಿದೆ ಎಂದು ತಿಳಿದ ಮೇಲೆ, ಆ ಪಾಂಡಿತ್ಯಕ್ಕೂ ಈ ಮಣ್ಣಿಗೂ ಏನು ಸಂಬಂಧವೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅವರು ಹುಟ್ಟಿದ್ದು 1886ರ ಜುಲೈ 3ರಂದು, ಆಗ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ಚಿಕ್ಕಂದಿನಲ್ಲಿಯೇ ಸಂಸ್ಕೃತದಲ್ಲಿ ಅಸಾಧಾರಣ ಗತಿ. ಮೆಟ್ರಿಕ್ ಪರೀಕ್ಷೆಯಲ್ಲಿ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ದೊರೆಯಿತು. ಆದರೆ ಅವರ ಬಾಳಿನ ದಿಕ್ಕನ್ನು ಗೊತ್ತುಪಡಿಸಿದ್ದು ಪರೀಕ್ಷೆಗಳಲ್ಲ. 1901ರಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗಲೇ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶವಾಯಿತು.

ಈ ಗುರುಪರಂಪರೆಯನ್ನು ಸ್ವಲ್ಪ ವಿವರಿಸಬೇಕು. ಇದರ ಮೂಲದಲ್ಲಿ ನಿಂಬರ್ಗಿಯ ಮಹಾರಾಜರಿದ್ದಾರೆ; ಲಿಂಗಾಯತ ಮನೆತನದ ಗೃಹಸ್ಥರು. ಅವರ ಪರಂಪರೆಗೆ ಸೇರಿದ ಭಾವೂಸಾಹೇಬರು ಬ್ರಾಹ್ಮಣ ದೇಶಪಾಂಡೆ ಮನೆತನದವರು. ಗುರು ಒಂದು ಕುಲ, ಶಿಷ್ಯ ಇನ್ನೊಂದು ಕುಲ. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರಿಗೆ ಮರಾಠಿಯ ದಾಸಬೋಧ ನಿತ್ಯದ ಪಾರಾಯಣ. ಭಾವೂಸಾಹೇಬರು ಹಳೆಯ ಇಂಡಿ ತಾಲ್ಲೂಕಿನ ಇಂಚಗೇರಿಯಲ್ಲಿ ಮಠವನ್ನು ಕಟ್ಟಿ, 1914ರಲ್ಲಿ ಅಲ್ಲಿಯೇ ದೇಹವಿಟ್ಟರು. ಇಲ್ಲಿ ಕಾವಿ ಕಡ್ಡಾಯವಲ್ಲ, ಸಂಸಾರ ತ್ಯಾಜ್ಯವಲ್ಲ. ರೈತನೂ ವ್ಯಾಪಾರಿಯೂ ಹೆಣ್ಣುಮಕ್ಕಳೂ ಒಂದೇ ನಾಮವನ್ನು ಹಿಡಿದು ಕೂಡಬಹುದು. ಜತ್ತದ ಶಿವಲಿಂಗವ್ವನವರು ಈ ಪರಂಪರೆಯಲ್ಲಿ ಪೂಜ್ಯ ಸ್ಥಾನ ಪಡೆದ ಸಾಧಕಿ. ಇದೇ ಬಳ್ಳಿಯ ಇನ್ನೊಂದು ಕುಡಿ ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿಗೆ ಹಬ್ಬಿ, ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರಲ್ಲಿ ಹೂಬಿಟ್ಟಿತು. ಅವರನ್ನು ಅರಸಿ ಪರದೇಶದವರು ಬಂದರು. ಇಂಡಿಯ ಸೀಮೆಯಲ್ಲಿ ಬಿತ್ತಿದ ಬೀಜ ಎಷ್ಟು ದೂರ ಹೋಯಿತೆಂಬುದನ್ನು ನಾವು ಎಣಿಸಿಯೇ ಇಲ್ಲ.

ರಾನಡೆಯವರ ಕಾಲೇಜು ಜೀವನ ಸುಗಮವಾಗಿರಲಿಲ್ಲ. ಯೌವನದಲ್ಲಿಯೇ ಕಠಿಣವಾದ ಕಾಯಿಲೆ ಅವರನ್ನು ಹಣ್ಣುಮಾಡಿತು. ದೇಹ ಕೊನೆಯವರೆಗೂ ಕೃಶವಾಗಿಯೇ ಉಳಿಯಿತು. 1914ರಲ್ಲಿ ಎಂ.ಎ. ಮುಗಿಸಿ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಹೆರಾಕ್ಲೈಟಸ್, ಅರಿಸ್ಟಾಟಲ್ ಮೊದಲಾದ ಗ್ರೀಕ್ ದಾರ್ಶನಿಕರನ್ನು ಕುರಿತು ಬರೆದರು. ಎಸ್. ಕೆ. ಬೇಲ್ವಲಕರರೊಡನೆ ಭಾರತೀಯ ತತ್ತ್ವಶಾಸ್ತ್ರದ ಬೃಹದಿತಿಹಾಸವನ್ನು ಸಂಪುಟಗಳಲ್ಲಿ ತರಲು ಸಂಕಲ್ಪಿಸಿದರು; ಬೆಳಕು ಕಂಡವು ಎರಡನೆಯದು ಮತ್ತು ಏಳನೆಯದು ಮಾತ್ರ. ಆ ಏಳನೆಯದೇ 1933ರಲ್ಲಿ ಬಂದ ಮಹಾರಾಷ್ಟ್ರದ ಅನುಭಾವಿಗಳ ಗ್ರಂಥ. 1924ರಲ್ಲಿ ಪುಣೆಯಲ್ಲಿ ತತ್ತ್ವಜ್ಞಾನ ಮತ್ತು ಧರ್ಮಗಳ ಅಧ್ಯಯನಕ್ಕಾಗಿ ಒಂದು ಅಕಾಡೆಮಿಯನ್ನು ಸ್ಥಾಪಿಸಿದರು. ಅದು ಅನಂತರ ಬೆಳಗಾವಿಯಲ್ಲಿ ನೆಲೆಗೊಂಡಿತು. ಮುಂದೆ, ಗಂಗಾನಾಥ ಝಾ ಅವರು ಕುಲಪತಿಗಳಾಗಿದ್ದ ಕಾಲದಲ್ಲಿ, ಅಲಹಾಬಾದು ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹೋದರು. ಕೆಲಕಾಲ ತಾವೇ ಕುಲಪತಿಗಳೂ ಆದರು.

ಇಷ್ಟಾದರೂ ಗಂಗಾತೀರದ ಪ್ರಾಧ್ಯಾಪಕರ ಮನಸ್ಸು ನೆಟ್ಟಿದ್ದುದು ನಿಂಬಾಳದಲ್ಲಿ. ರಜೆ ಬಂದರೆ ಅವರ ಪಯಣ ಈ ಕಡೆಗೇ. 1933ರಲ್ಲಿ ಜಿಗಜೇವಣಿಯ ಅಂಬುರಾವ ಮಹಾರಾಜರು ತೀರಿಕೊಂಡ ಮೇಲೆ ಸಾಧಕರ ಹೊಣೆ ರಾನಡೆಯವರ ಹೆಗಲೇರಿತು. 1946ರಲ್ಲಿ ನಿವೃತ್ತರಾದವರು ನಿಂಬಾಳದ ಆಶ್ರಮದಲ್ಲಿ ನೆಲೆಸಿದರು.

ಆ ಆಶ್ರಮದ ದಿನಚರಿಯಲ್ಲಿ ಧ್ಯಾನ, ಭಜನೆ, ಗ್ರಂಥಪಠಣ ಎಂದು ಮೂರು ಎಳೆಗಳಿದ್ದವು. ಅವನ್ನು ಬಿಡಿಬಿಡಿಯಾಗಿ ನೋಡುವಂತಿರಲಿಲ್ಲ. ಹಾಡು ಅಲ್ಲಿ ಧ್ಯಾನದ ಬಿಡುವಿನ ರಂಜನೆಯಲ್ಲ, ಧ್ಯಾನದ್ದೇ ಇನ್ನೊಂದು ರೂಪ. ಕನ್ನಡ ಪದದ ಬೆನ್ನಿಗೆ ಮರಾಠಿ ಅಭಂಗ, ಅದರ ಬೆನ್ನಿಗೆ ಕಬೀರ. ಹಳ್ಳಿಯ ಒಕ್ಕಲಿಗನೂ ಕಾಲೇಜಿನ ಅಧ್ಯಾಪಕನೂ ಒಂದೇ ಸಾಲಿನಲ್ಲಿ ಕುಳಿತು ಕೇಳಬಹುದಾಗಿತ್ತು. ಅನುಭಾವವೆಂದರೆ ಪವಾಡವಲ್ಲ, ಗುಹ್ಯವಿದ್ಯೆಯಲ್ಲ. ಬುದ್ಧಿ, ಭಾವ, ಸಂಕಲ್ಪ ಈ ಮೂರನ್ನೂ ಒಳಗೊಂಡು, ಅವುಗಳ ಹಿಂದೆ ನಿಂತ ದೇವರ ನೇರವಾದ ಅರಿವು ಎಂದು ರಾನಡೆಯವರು ಪುಸ್ತಕದಲ್ಲಿ ವಾದಿಸಿದ್ದರು. ಆ ವಾದಕ್ಕೆ ನಿಂಬಾಳವೇ ಪ್ರಯೋಗಶಾಲೆ. ದೇಶ ಕಾಲ ಕುಲಗಳನ್ನು ಮೀರಿ ಸಂತರದೇ ಒಂದು ಬಳಗವಿದೆಯೆಂಬ ಅವರ ನಂಬಿಕೆಯೂ ಈ ಭಜನೆಯ ಸಾಲಿನಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವಾದ ಸಂಗತಿಯೊಂದಿದೆ. ಹಿಂದಿ ಸಂತಸಾಹಿತ್ಯದಲ್ಲಿನ ದೇವರ ದಾರಿಯನ್ನು ಕುರಿತ ಅವರ ಗ್ರಂಥ 1954ರಲ್ಲಿ ಬಂದಿತು. ಕನ್ನಡ ಸಾಹಿತ್ಯವನ್ನು ಕುರಿತದ್ದು, ಅವರು ಕಣ್ಮರೆಯಾದ ಮೇಲೆ, 1960ರಲ್ಲಿ. ಪುರಂದರದಾಸ, ಕನಕದಾಸ, ನಿಜಗುಣ ಶಿವಯೋಗಿ ಮೊದಲಾದವರ ಪದಗಳನ್ನು ಸಾಧನೆಯ ಮೆಟ್ಟಿಲುಗಳಂತೆ ಅವರು ಜೋಡಿಸುತ್ತಾರೆ: ವೈರಾಗ್ಯದ ಮೊದಲ ಕುಟುಕು, ನೀತಿಯ ಸಿದ್ಧತೆ, ಗುರುವಿನ ಸಂಗ, ಕೊನೆಗೆ ದರ್ಶನ. ದಾಸರೂ ಶಿವಶರಣರೂ ಒಂದೇ ಏಣಿಯನ್ನು ಹತ್ತುತ್ತಾರೆ. ಈ ಕ್ರಮದಲ್ಲಿ ಕವಿಯ ಕಾಲ, ಊರು, ಸಮಾಜ ಹಿಂದೆ ಸರಿಯುತ್ತವೆ. ಪದ್ಯದ ಸೊಗಸಿಗಿಂತ ಅದರ ತತ್ತ್ವವೇ ಮುಂದಾಗುತ್ತದೆ. ಕನಕದಾಸರ ಕುಲದ ನೋವನ್ನು ಅವರ ದರ್ಶನದಿಂದ ಬೇರ್ಪಡಿಸಿ ಓದುವುದು ನನಗಂತೂ ಕಷ್ಟ. ಆದರೂ ಮತಪಂಥಗಳ ಬೇಲಿ ದಾಟಿ ನಮ್ಮ ಪದಸಾಹಿತ್ಯವನ್ನು ಇಷ್ಟು ಆಪ್ತವಾಗಿ ಓದಿದವರು ವಿರಳ. ಆ ಓದು ಇಂಗ್ಲಿಷಿನಲ್ಲಿ ಇದ್ದುದರಿಂದಲೋ ಏನೋ, ಕನ್ನಡದ ವಿಮರ್ಶೆ ಅದರೊಡನೆ ಸಾಕಷ್ಟು ಮಾತಾಡಲಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ನಾಮದಲ್ಲಿ ಸಮಾನರಾದವರು ಊರಿನಲ್ಲಿಯೂ ಸಮಾನರಾದರೇ? ಇದೇ ಪರಂಪರೆಯ ಇಂಚಗೇರಿ ಮಠದ ಮಾಧವಾನಂದ ಪ್ರಭುಗಳು ಸ್ವಾತಂತ್ರ್ಯ ಹೋರಾಟಕ್ಕೂ ಅಂತರ್ಜಾತೀಯ ವಿವಾಹಗಳಿಗೂ ಕೈಹಾಕಿದರು. ರಾನಡೆಯವರು ಆ ಹಾದಿ ಹಿಡಿಯಲಿಲ್ಲ. ಅವರ ಕೆಲಸ ಒಳಗಿನದು. ಒಂದನ್ನು ಹಿಡಿದು ಇನ್ನೊಂದನ್ನು ಹಳಿಯುವುದಕ್ಕಿಂತ, ಒಂದೇ ಬೇರಿನಿಂದ ಎರಡೂ ಹುಟ್ಟಿದವೆಂಬುದನ್ನು ಗಮನಿಸುವುದು ಲೇಸೆಂದು ನನಗೆ ತೋರುತ್ತದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅಂದಿನ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗುರುವಿನ ಉಮದಿ, ಶಿವಲಿಂಗವ್ವನ ಜತ್ತ ಮುಂಬಯಿ ರಾಜ್ಯದಲ್ಲಿ ಉಳಿದವು. ಇಂಚಗೇರಿಗೂ ಉಮದಿಗೂ ನಡುವೆ ಗೆರೆ ಬಿದ್ದಿತು. ಕನ್ನಡಿಗರ ಬಹುಕಾಲದ ಹಂಬಲ ಕೈಗೂಡಿದ ಆ ದಿನವನ್ನು ನಾನು ಕಡಿಮೆಯೆಣಿಸುವವನಲ್ಲ. ಆದರೆ ಎರಡು ಭಾಷೆಗಳ ಸಂತರನ್ನು ಒಂದೇ ಕೊರಳಲ್ಲಿ ಹಾಡಿದ ಒಂದು ಸಮುದಾಯ ಆ ಗೆರೆಯ ಎರಡೂ ಮಗ್ಗುಲಲ್ಲಿ ಬದುಕಿತ್ತೆಂಬುದನ್ನು ಮರೆತರೆ ನಾವು ಬಡವರಾಗುತ್ತೇವೆ. ಅಲ್ಲಿಂದ ಏಳು ತಿಂಗಳಿಗೆ, 1957ರ ಜೂನ್ 6ರಂದು, ರಾನಡೆಯವರು ನಿಂಬಾಳದಲ್ಲಿ ದೇಹವಿಟ್ಟರು.

ಅವರು ಯಾರವರು, ಮರಾಠಿಗರೋ ಕನ್ನಡಿಗರೋ ಎಂಬ ಚರ್ಚೆಗೆ ಅವರ ಗ್ರಂಥಗಳೇ ಉತ್ತರ. ನಮ್ಮ ಪಾಲಿಗೆ ಉಳಿದಿರುವ ಕೆಲಸ ಬೇರೆ: ಅವರ ಕನ್ನಡ ಸಮೀಕ್ಷೆಯನ್ನು ಕನ್ನಡದ ತರಗತಿಗಳಿಗೆ ತರುವುದು, ಒಪ್ಪುವಲ್ಲಿ ಒಪ್ಪಿ ಒಪ್ಪದಲ್ಲಿ ವಾದಿಸಿ ಅದನ್ನು ಜೀವಂತವಾಗಿಡುವುದು. ಜೀವಮಾನವೆಲ್ಲ ಓದಿ, ಓದಿದ್ದನ್ನು ಹಳ್ಳಿಯೊಂದರಲ್ಲಿ ಬಾಳಿ ತೋರಿಸಿದವರಿಗೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಲ್ಲಿಸಬಹುದಾದ ಗೌರವ ಅದೇ.